ಓದಿದರೂ ಅಂಕ ಬಾರದಾಗ ಎಲ್ಲಿಂದ ಶುರು ಮಾಡಬೇಕು: ಕಲಿಕೆಯ ಹಿಂದೆ ಮನಸ್ಸು ಮಾಡುವ ಕೆಲಸ, ಹಂತ ಹಂತವಾಗಿ

ಮಗು ಕಡಿಮೆ ಅಂಕ ತಂದಾಗ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಬೈಗುಳ ಬೀಳುತ್ತದೆ, ಇಲ್ಲವೇ "ನಿನ್ನ ಕೈಲಿ ಆಗುತ್ತೆ, ಮನಸ್ಸು ಮಾಡು" ಎಂದು ಹುರಿದುಂಬಿಸುತ್ತಾರೆ. ಎರಡರಲ್ಲೂ ಒಂದೇ ಕೊರತೆ: ಮಗು ಎಲ್ಲಿ ನಿಂತುಹೋಯಿತು ಎಂದು ಯಾರೂ ನೋಡಿರುವುದಿಲ್ಲ. ನಿದ್ದೆಗೆಟ್ಟು ತೂಕಡಿಸುವ ಹುಡುಗನಿಗೂ, ಮೂರು ವರ್ಷದ ಹಿಂದಿನ ಭಾಗಾಕಾರ ಅರ್ಥವಾಗದೇ ಉಳಿದ ಹುಡುಗಿಗೂ, ಪ್ರಶ್ನೆಪತ್ರಿಕೆ ಕಂಡೊಡನೆ ಕೈ ಬೆವರುವ ಮಗುವಿಗೂ ಒಂದೇ ಮದ್ದು ಕುಡಿಸಿದಂತಾಗುತ್ತದೆ.

ಈ ಹಂತಗಳು ಪಾಲಕರಿಗೂ ಶಿಕ್ಷಕರಿಗೂ. ಸುಮಾರು 8ರಿಂದ 16 ವರ್ಷದ ಮಕ್ಕಳನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು. ಆದಷ್ಟು ಇದೇ ಕ್ರಮದಲ್ಲಿ ಹೋಗಿ. ಆತ್ಮವಿಶ್ವಾಸ ಬಂದರೆ ಓದು ತಾನೇ ಬರುತ್ತದೆ ಎಂದು ಹೇಳುವವರು ಬಹಳ. ಶಾಲೆಯಲ್ಲಿ ಎಡವಿದ ಮಗುವಿನ ವಿಷಯದಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುಗುಮುರುಗು: ಒಂದು ಲೆಕ್ಕವನ್ನು ತಾನೇ ಬಿಡಿಸಿದ ಮೇಲೆ ವಿಶ್ವಾಸ ಬರುತ್ತದೆ, ವಿಶ್ವಾಸ ಬಂದ ಮೇಲೆ ಮುಂದಿನ ಲೆಕ್ಕಕ್ಕೆ ಕೈ ಹಾಕುತ್ತದೆ. ಈ ಬರಹದ ಅರ್ಧ ಭಾಗ ಆ ಮೊದಲ ಲೆಕ್ಕವನ್ನು ಮಗುವಿನ ಕೈಗೆಟುಕಿಸುವುದರ ಬಗ್ಗೆಯೇ ಇದೆ.

ಹಂತ 1: ಒಂದು ವಾರ ಏನನ್ನೂ ತಿದ್ದದೆ ನೋಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕು ಸಾಲು ಸಾಕು: ಎಷ್ಟು ಹೊತ್ತಿಗೆ ಓದಲು ಕೂತಿತು, ಯಾವ ಕಡೆ ಸಿಕ್ಕಿಹಾಕಿಕೊಂಡಿತು, ಆಗ ಬಾಯಿಂದ ಬಂದ ಮಾತೇನು, ಆಮೇಲೆ ಏನು ಮಾಡಿತು. ಮೂರನೆಯ ಸಾಲನ್ನು ಯಥಾವತ್ತಾಗಿ ಬರೆದಿಡಿ. "ಇದು ಬೋರು" ಎನ್ನುವುದಕ್ಕೂ "ನಂಗಿದು ಬರಲ್ಲ" ಎನ್ನುವುದಕ್ಕೂ "ಆಮೇಲೆ ಮಾಡ್ತೀನಿ" ಎನ್ನುವುದಕ್ಕೂ ಕಾರಣ ಬೇರೆ ಬೇರೆ ಇರಬಹುದು.

ವಾರಾಂತ್ಯದಲ್ಲಿ ಹಿಂದಿನ ಎರಡು ಮೂರು ಟೆಸ್ಟ್‌ಗಳ ಉತ್ತರಪತ್ರಿಕೆ ತೆಗೆಯಿರಿ. ತಪ್ಪಾದ ಪ್ರಶ್ನೆಗಳಲ್ಲಿ ಹತ್ತನ್ನು ಆರಿಸಿ, ಹೊಸ ಹಾಳೆಯಲ್ಲಿ, ಗಡಿಯಾರವಿಲ್ಲದೆ, ಪಕ್ಕದಲ್ಲಿ ಯಾರೂ ಕಾವಲು ಕೂರದೆ ಮಗುವಿನಿಂದ ಮತ್ತೆ ಮಾಡಿಸಿ. ತಪ್ಪುಗಳು ಸಾಮಾನ್ಯವಾಗಿ ಮೂರು ಗುಂಪಾಗುತ್ತವೆ. ಈಗ ಸರಿಯಾಗಿ ಬಂದರೆ ಮಗುವಿಗೆ ವಿಷಯ ಗೊತ್ತಿದೆ, ಪರೀಕ್ಷೆಯ ಹೊತ್ತಿನಲ್ಲಿ ಭಯವೋ ಆತುರವೋ ಅಡ್ಡ ಬಂದಿದೆ. ಅಂಥವರಿಗೆ ಹಂತ 7 ಮುಖ್ಯ. ಇದೇ ಬಗೆಯ ಒಂದು ಮಾದರಿ ಉತ್ತರ ತೋರಿಸಿದೊಡನೆ "ಓ, ಹೌದಲ್ಲ" ಎಂದು ಉಳಿದದ್ದನ್ನು ಮಾಡಿಬಿಟ್ಟರೆ ಕಲಿತದ್ದು ಮರೆತಿದೆ. ಅಲ್ಲಿ ಹಂತ 5. ಮಾದರಿ ನೋಡಿದರೂ ಕೈ ಓಡದಿದ್ದರೆ ತೊಡಕು ಹಳೆಯ ಪಾಠದಲ್ಲಿದೆ, ಹಂತ 3.

ಹತ್ತರಲ್ಲಿ ಹತ್ತೂ ಒಂದೇ ಗುಂಪಿಗೆ ಬೀಳುವುದು ಅಪರೂಪ. ಹೆಚ್ಚು ಬಿದ್ದ ಗುಂಪಿಗೆ ಹೆಚ್ಚು ಸಮಯ ಕೊಡಿ.

ಹಂತ 2: ನಿದ್ದೆ ಮತ್ತು ಮೊಬೈಲ್

ಇದರಲ್ಲಿ ಚರ್ಚೆಗೆ ಜಾಗ ಕಡಿಮೆ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸದಲ್ಲಿ ದೊಡ್ಡ ಪಾಲು ನಿದ್ದೆಯಲ್ಲಿ ನಡೆಯುತ್ತದೆ. ಎರಡು ಗಂಟೆ ನಿದ್ದೆ ಕಡಿದು ಓದಿಸಿದರೆ ಅಂದಿನ ಓದೂ ಸಡಿಲ, ಮರುದಿನದ ಪಾಠವೂ ತಲೆಗೆ ಹತ್ತುವುದಿಲ್ಲ. ಫೋನು ಓದುವ ಕೋಣೆಯಿಂದಲೇ ಹೊರಗಿರಲಿ. ಬೋರಲು ಹಾಕಿ ಮೇಜಿನ ಮೇಲಿಟ್ಟರೆ ಮನಸ್ಸಿನ ಒಂದು ತುದಿ ಅಲ್ಲೇ ಇರುತ್ತದೆ. ಎರಡು ವಾರ ಇದಿಷ್ಟನ್ನೇ ಬದಲಿಸಿ ನೋಡಿದ ಮೇಲೆ ಮುಂದಕ್ಕೆ ಹೋಗಿ. ಕೆಲವು ಮಕ್ಕಳಿಗೆ ಬೇಕಾಗಿದ್ದದ್ದು ಇಷ್ಟೇ ಆಗಿರುತ್ತದೆ.

ಹಂತ 3: ಹಳೆಯ ಬಿರುಕನ್ನು ಹುಡುಕಿ

ಹೊಸ ಪಾಠ ಕೇಳುವಾಗ ಮನಸ್ಸಿನಲ್ಲಿ ಒಂದು ಸಣ್ಣ ಮೇಜು ಇದೆ ಎಂದುಕೊಳ್ಳಿ. ಇದಕ್ಕೆ ಕಾರ್ಯಸ್ಮೃತಿ ಎನ್ನುತ್ತಾರೆ. ಅದರ ಮೇಲೆ ಒಂದೇ ಹೊತ್ತಿಗೆ ಸುಮಾರು ಏಳು ಸಂಗತಿ ನಿಲ್ಲುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ; 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದ. ಹಳೆಯದು ಚೆನ್ನಾಗಿ ಗೊತ್ತಿದ್ದ ಮಗುವಿಗೆ ಇದರಿಂದ ತೊಂದರೆಯಿಲ್ಲ, ಯಾಕೆಂದರೆ ಗೊತ್ತಿರುವುದು ಈ ಮೇಜಿನ ಜಾಗ ತಿನ್ನುವುದಿಲ್ಲ. ಮಗ್ಗಿ ಬಾರದ ಮಗುವಿಗೆ ಮಾತ್ರ 7 × 8 ಎಷ್ಟು ಎಂದು ಹುಡುಕುವುದರಲ್ಲೇ ಮೇಜು ತುಂಬಿಹೋಗುತ್ತದೆ, ಟೀಚರ್ ಹೇಳುತ್ತಿರುವ ಹೊಸ ಮಾತಿಗೆ ಜಾಗವೇ ಇರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು "ಗಮನ ಕೊಡಲ್ಲ" ಎಂದು ಕಾಣುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮಗು ಹೀಗೆ ಬರೆದಿದೆ: 1/2 + 1/3 = 2/5. ಕೆಂಪು ಇಂಕಿನಲ್ಲಿ ಅಡ್ಡಗೆರೆ ಬಿದ್ದಿದೆ. ಇದನ್ನು ಅಜಾಗರೂಕತೆ ಎಂದರೆ ಅನ್ಯಾಯ. ಮೇಲಿನ ಅಂಕಿ ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಎಂಬ ನಿಯಮವನ್ನು ಮಗು ತಾನೇ ಕಟ್ಟಿಕೊಂಡು, ಅದನ್ನು ನಿಷ್ಠೆಯಿಂದ ಪಾಲಿಸಿದೆ. "ಮೊದಲು ಛೇದ ಒಂದೇ ಮಾಡ್ಕೋ" ಎಂದು ನಾಲ್ಕನೆಯ ಸಲ ಹೇಳುವುದರಿಂದ ಆ ನಿಯಮ ಸಾಯುವುದಿಲ್ಲ. ಬದಲಿಗೆ ಹೀಗೆ ಕೇಳಿ: "ಅರ್ಧ ದೊಡ್ಡದೋ, ಐದರಲ್ಲಿ ಎರಡು ದೊಡ್ಡದೋ?" ಒಂದೇ ಉದ್ದದ ಎರಡು ಕಾಗದದ ಪಟ್ಟಿ ಕೊಡಿ. ಒಂದನ್ನು ಎರಡು ಸಮ ಭಾಗ, ಇನ್ನೊಂದನ್ನು ಐದು ಸಮ ಭಾಗ ಮಾಡಿಸಿ. ಅರ್ಧಕ್ಕೆ ಮೂರನೆಯ ಒಂದು ಭಾಗ ಸೇರಿಸಿದ ಮೇಲೂ ಉತ್ತರ ಅರ್ಧಕ್ಕಿಂತ ಚಿಕ್ಕದಾಗಿದೆ ಎಂಬುದು ಕಣ್ಣಿಗೆ ಬೀಳುವ ಆ ಗಳಿಗೆ ಬರುವವರೆಗೆ ನೀವು ಸುಮ್ಮನಿರಬೇಕು. ಕಷ್ಟದ ಕೆಲಸ ಅದೇ. ಮಗು ತಡವರಿಸುವ ಆ ಅರ್ಧ ನಿಮಿಷವನ್ನು ನೀವು ತುಂಬಿಬಿಟ್ಟರೆ ಹಳೆಯ ನಿಯಮ ಹಾಗೇ ಉಳಿಯುತ್ತದೆ.

ಬಿರುಕು ಹುಡುಕಲು ಒಂದೊಂದೇ ತರಗತಿ ಹಿಂದಕ್ಕೆ ಹೋಗಿ. ಅದೇ ವಿಷಯದ ಹಿಂದಿನ ವರ್ಷದ ಪುಸ್ತಕದಿಂದ ಐದು ಪ್ರಶ್ನೆ ಕೊಡಿ. ನಾಲ್ಕು ಸರಿ ಬಂದರೆ ಅಲ್ಲಿ ನಿಲ್ಲಿ. ಬಾರದಿದ್ದರೆ ಇನ್ನೊಂದು ವರ್ಷ ಹಿಂದಕ್ಕೆ. ನಿಂತ ಜಾಗದಿಂದ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ, ಮೇಲಕ್ಕೆ ಬನ್ನಿ. ಹೊಸ ವಿಧಾನ ಕಲಿಸುವಾಗ ಮೊದಲು ಪೂರ್ತಿ ಬಿಡಿಸಿದ ಎರಡು ಲೆಕ್ಕ ತೋರಿಸಿ, ಆಮೇಲೆ ಕೊನೆಯ ಹೆಜ್ಜೆ ಮಾತ್ರ ಖಾಲಿ ಬಿಟ್ಟ ಒಂದು, ನಂತರ ಎರಡು ಹೆಜ್ಜೆ ಖಾಲಿ ಬಿಟ್ಟ ಒಂದು, ಕೊನೆಗೆ ಪೂರ್ತಿ ಖಾಲಿ. ಬಿರುಕಿರುವ ಮಗುವಿನ ಮುಂದೆ ಒಮ್ಮೆಲೇ ಖಾಲಿ ಹಾಳೆ ಇಟ್ಟರೆ ಮೇಜು ಮತ್ತೆ ತುಂಬಿಹೋಗುತ್ತದೆ.

ಹಿಂದಿನ ತರಗತಿಯ ಪುಸ್ತಕ ಹಿಡಿಯಲು ಮಕ್ಕಳಿಗೆ ನಾಚಿಕೆ. ತಮ್ಮ ತಂಗಿಯರ ಎದುರು ತೆರೆಸಬೇಡಿ. ಪ್ರಶ್ನೆಗಳನ್ನು ಹಾಳೆಗೆ ಬರೆದು ಕೊಟ್ಟರೆ ಈ ಮುಜುಗರವೇ ಇರದು.

ಹಂತ 4: ಮೊದಲು ಗೆಲುವು, ಆಮೇಲೆ ಹೊಗಳಿಕೆ

"ಇದು ನನ್ನಿಂದಾಗುತ್ತದೆ" ಎಂಬ ನಂಬಿಕೆಯ ಮೂಲ ಯಾವುದು ಎಂದು ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕನ್ನು ಹೆಸರಿಸಿದ: ತಾನೇ ಮಾಡಿ ಗೆದ್ದದ್ದು, ತನ್ನಂಥವರೇ ಮಾಡುವುದನ್ನು ಕಂಡದ್ದು, ಇತರರ ಮಾತು, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ನಾಲ್ಕರಲ್ಲಿ ಬಲವಾದದ್ದು ಮೊದಲನೆಯದು. ನಾವು ಧಾರಾಳವಾಗಿ ಸುರಿಯುವುದು ಮೂರನೆಯದನ್ನು.

ಹೋಮ್‌ವರ್ಕ್ ಕೊಡುವಾಗ ಹತ್ತು ಪ್ರಶ್ನೆಗಳಲ್ಲಿ ಏಳೆಂಟು ಮಗು ಸ್ವಲ್ಪ ಶ್ರಮಪಟ್ಟು ಮಾಡಬಲ್ಲದ್ದು, ಎರಡು ಮೂರು ನಿಜಕ್ಕೂ ಕಷ್ಟದ್ದು ಇರಲಿ. ಹತ್ತೂ ಸುಲಭವಾದರೆ ಗೆದ್ದರೂ ಗೆದ್ದಂತೆನಿಸದು, ತನ್ನನ್ನು ದಡ್ಡ ಎಂದುಕೊಂಡಿದ್ದಾರೆ ಎಂಬುದು ಮಗುವಿಗೆ ತಿಳಿದುಬಿಡುತ್ತದೆ. ಹತ್ತೂ ಕಷ್ಟವಾದರೆ ಮೂರನೆಯದಕ್ಕೇ ಪೆನ್ನು ಕೆಳಗಿಡುತ್ತದೆ. ಕಷ್ಟದ್ದನ್ನು ಕೊನೆಗೆ ತಳ್ಳದೆ ನಡುವೆ ಇಡಿ. ಪುಸ್ತಕ ಮುಚ್ಚುವ ಹೊತ್ತಿಗೆ ಕೈಯಲ್ಲಿ ಒಂದು ಸರಿ ಉತ್ತರ ಇರಬೇಕು.

ಸೋತಾಗ ಮಗು ಹೇಳಿಕೊಳ್ಳುವ ಕಾರಣಕ್ಕೆ ಕಿವಿಗೊಡಿ. ಬರ್ನಾರ್ಡ್ ವೀನರ್ ಎಂಬ ಮನೋವಿಜ್ಞಾನಿ ಇಂಥ ಕಾರಣಗಳನ್ನು ಮೂರು ಪ್ರಶ್ನೆಗಳಿಂದ ತೂಗಿದ: ಕಾರಣ ಒಳಗಿನದೋ ಹೊರಗಿನದೋ, ಬದಲಾಗುವಂಥದ್ದೋ ಅಲ್ಲವೋ, ನನ್ನ ಹಿಡಿತದಲ್ಲಿದೆಯೋ ಇಲ್ಲವೋ. "ನಾನು ದಡ್ಡಿ" ಎಂಬುದು ಒಳಗಿನ, ಬದಲಾಗದ, ಹಿಡಿತಕ್ಕೆ ಸಿಗದ ಕಾರಣ. ಅದನ್ನು ನಂಬಿದ ಮೇಲೆ ಪ್ರಯತ್ನ ಪಡುವುದಕ್ಕೆ ಅರ್ಥವೇ ಉಳಿಯದು. "ದಡ್ಡಿ ಅಲ್ಲ ನೀನು, ಜಾಣೆ" ಎಂದರೆ ವಾದಕ್ಕೆ ವಾದ ಅಷ್ಟೇ. "ಮೂರನೇ ಹೆಜ್ಜೆಯಲ್ಲಿ ಋಣ ಚಿಹ್ನೆ ಬಿಟ್ಟುಹೋಗಿದೆ, ಅಲ್ಲಿವರೆಗೆ ಎಲ್ಲಾ ಸರಿ ಇದೆ" ಎನ್ನಿ. ಕಾರಣ ಈಗ ತಿದ್ದಬಹುದಾದ ಜಾಗಕ್ಕೆ ಬಂತು.

ಹೊಗಳುವಾಗಲೂ ಅಷ್ಟೇ ನಿಖರವಾಗಿರಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಕೆಲವರನ್ನು ಬುದ್ಧಿವಂತಿಕೆಗಾಗಿ, ಕೆಲವರನ್ನು ಶ್ರಮಕ್ಕಾಗಿ ಹೊಗಳಲಾಯಿತು. ಒಮ್ಮೆ ಸೋತ ನಂತರ ಬುದ್ಧಿವಂತರೆನಿಸಿಕೊಂಡವರು ಬೇಗ ಕೈಬಿಟ್ಟರು, ಅವರ ಅಂಕವೂ ಇಳಿಯಿತು. ಹಾಗೆಂದು ಬರೀ "ಚೆನ್ನಾಗಿ ಕಷ್ಟಪಟ್ಟೆ" ಎಂದು ಹೇಳುತ್ತಾ ಹೋಗಬೇಡಿ. ಕಷ್ಟಪಟ್ಟೂ ತಪ್ಪಾದ ಮಗುವಿಗೆ ಅದು ಸಮಾಧಾನದ ಬಹುಮಾನದಂತೆ ಕೇಳುತ್ತದೆ. "ಮೊದಲು ಚಿತ್ರ ಬರೆದುಕೊಂಡೆಯಲ್ಲ, ಅದರಿಂದ ಲೆಕ್ಕ ಬಗೆಹರಿಯಿತು" ಎಂದಾಗ ಮುಂದಿನ ಸಲ ಏನು ಮಾಡಬೇಕೆಂಬುದೂ ಅದರಲ್ಲೇ ಇದೆ.

ಬುದ್ಧಿ ಬೆಳೆಯುತ್ತದೆ ಎಂಬ ನಂಬಿಕೆಯನ್ನು ಕಲಿಸುವ ಪಾಠಗಳ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿರುತ್ತೀರಿ. ಅಮೆರಿಕದಲ್ಲಿ ಒಂಬತ್ತನೆಯ ತರಗತಿಯ ಸುಮಾರು 12,000 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂದುಳಿದ ಮಕ್ಕಳ ಸರಾಸರಿ ದರ್ಜೆ, ಸುಮಾರು ನಾಲ್ಕರವರೆಗಿನ ಮಾಪನದಲ್ಲಿ, 0.1ರಷ್ಟು ಏರಿತು. ಲಾಭ ನಿಜ, ಆದರೆ ಸಣ್ಣದು. ಗೋಡೆಗೆ ಅಂಟಿಸುವ ಘೋಷಣೆಯ ಮೇಲೆ ಭಾರ ಹಾಕದೆ ಹಂತ 3ರ ಕೆಲಸ ಮುಂದುವರಿಸಿ.

ಹಂತ 5: ಓದುವ ರೀತಿ ಬದಲಿಸಿ

ಹೆಚ್ಚಿನ ಮಕ್ಕಳು ಓದು ಎಂದರೆ ಪಾಠವನ್ನು ಮತ್ತೆ ಮತ್ತೆ ಕಣ್ಣಾಡಿಸುವುದು, ಗೆರೆ ಎಳೆಯುವುದು ಎಂದುಕೊಂಡಿದ್ದಾರೆ. ಎರಡನೆಯ ಸಲ ಓದುವಾಗ ಸಾಲುಗಳು ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ಮನಸ್ಸು "ಗೊತ್ತು" ಎಂದು ತಪ್ಪು ತಿಳಿಯುತ್ತದೆ. ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿಲ್ಲದಾಗ ಬಣ್ಣ ಬಯಲಾಗುತ್ತದೆ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಓದಿದವರು 83%, ಬರೆದವರು 71% ನೆನಪಿಟ್ಟಿದ್ದರು. ಒಂದು ವಾರದ ನಂತರ ಓದಿದವರಲ್ಲಿ ಉಳಿದದ್ದು 40%, ಬರೆದವರಲ್ಲಿ 61%. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದದ್ದು ಬೆಳಿಗ್ಗೆ ಇದ್ದು, ಮುಂದಿನ ಪರೀಕ್ಷೆಗೆ ಮಾಯವಾಗುವುದು ಇದೇ ಕಾರಣಕ್ಕೆ.

ಮಾಡುವ ಬಗೆ ಹೀಗಿದೆ. ಒಂದು ಉಪಶೀರ್ಷಿಕೆಯಷ್ಟನ್ನು ಓದಿ, ಪುಸ್ತಕ ಮುಚ್ಚಿ, ಮೂರರಿಂದ ಐದು ನಿಮಿಷ ನೆನಪಿದ್ದದ್ದನ್ನು ಖಾಲಿ ಹಾಳೆಯಲ್ಲಿ ಬರೆಯಬೇಕು. ಚಿಕ್ಕ ಮಕ್ಕಳಾದರೆ ಬಾಯಲ್ಲಿ ಹೇಳಲಿ. ನಂತರ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಬೇಕು. ಆ ಬಣ್ಣದ ಸಾಲುಗಳೇ ಮುಂದಿನ ರಿವಿಷನ್‌ನ ಪಟ್ಟಿ. ಪುಸ್ತಕ ತೆರೆದು ಸರಿನೋಡುವುದನ್ನು ಬಿಟ್ಟರೆ ತಪ್ಪೇ ಗಟ್ಟಿಯಾಗುತ್ತದೆ, ಜೋಕೆ.

ಮತ್ತೆ ಯಾವಾಗ? ಮರೆವಿನ ವೇಗವನ್ನು ಹರ್ಮನ್ ಎಬ್ಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿ ಕಲಿತು, ಮರುದಿನ ಮತ್ತೆ ಕಲಿಯಲು ಕೂತಾಗ ಮೊದಲ ಶ್ರಮದಲ್ಲಿ ಉಳಿತಾಯವಾದದ್ದು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಅರ್ಥವುಳ್ಳ ಪಾಠ ಅಷ್ಟು ಬೇಗ ಮಾಸುವುದಿಲ್ಲ, ಆದರೂ ಮೊದಲ ದಿನಗಳಲ್ಲೇ ಹೆಚ್ಚು ಸೋರುವುದು ಅಲ್ಲಿಯೂ ನಿಜ. ಹಾಗಾಗಿ ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಒಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ. ಪ್ರತಿ ಸಲವೂ ಖಾಲಿ ಹಾಳೆಯಿಂದಲೇ ಶುರು, ಹತ್ತು ನಿಮಿಷ ಸಾಕು. ಪರೀಕ್ಷೆ ಒಂದೇ ವಾರ ದೂರವಿದ್ದರೆ ಒಂದು ದಿನದ ಅಂತರ ಇಡಿ.

ಗಣಿತದಲ್ಲಿ ಇನ್ನೊಂದು ಮಾತಿದೆ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದರೆ ಯಾವ ಸೂತ್ರ ಬಳಸಬೇಕೆಂದು ಯೋಚಿಸುವ ಪ್ರಶ್ನೆಯೇ ಬರುವುದಿಲ್ಲ. ಪರೀಕ್ಷೆ ಕೇಳುವುದು ಅದನ್ನೇ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ವರದಿ ಮಾಡಿದ ಘನಫಲದ ಲೆಕ್ಕಗಳ ಪ್ರಯೋಗದಲ್ಲಿ, ಒಂದೊಂದೇ ಬಗೆಯನ್ನು ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ 89%, ಬೆರೆಸಿ ಮಾಡಿದವರು 60% ಸರಿ ಮಾಡಿದರು. ವಾರದ ನಂತರದ ಟೆಸ್ಟ್‌ನಲ್ಲಿ ಬೆರೆಸಿ ಮಾಡಿದವರು 63%, ಮೊದಲಿನವರು 20%. ಹೊಸ ಬಗೆಯನ್ನು ನಾಲ್ಕೈದು ಲೆಕ್ಕದಿಂದ ಅರ್ಥಮಾಡಿಕೊಂಡ ಮೇಲೆ ಹಳೆಯ ಎರಡು ಮೂರು ಅಧ್ಯಾಯಗಳ ಲೆಕ್ಕಗಳೊಡನೆ ಬೆರೆಸಿಬಿಡಿ. ತಪ್ಪು ಹೆಚ್ಚಾಗುತ್ತದೆ ಎಂದು ಮಗುವಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ "ನಂಗೆ ಮರೆತೇ ಹೋಯ್ತು" ಎಂದು ಕುಗ್ಗುತ್ತದೆ.

ನೋಡಿ ಕಲಿಯುವ ಮಗು, ಕೇಳಿ ಕಲಿಯುವ ಮಗು ಎಂದು ವಿಂಗಡಿಸಿ ಅದರಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹಾಗೆ ವಿಂಗಡಿಸಿಕೊಡುವ ಪರೀಕ್ಷೆಗಳಿಗೆ ದುಡ್ಡು ಸುರಿಯಬೇಡಿ.

ಹಂತ 6: ಕೂರುವುದೇ ಆಗದಿದ್ದರೆ

ಮುಂದೂಡುವ ಮಗು ಸೋಮಾರಿಯೆಂದು ತೀರ್ಮಾನಿಸುವ ಮುನ್ನ, ಪುಸ್ತಕ ತೆರೆದಾಗ ಅದಕ್ಕೆ ಏನನ್ನಿಸುತ್ತದೆ ಎಂದು ಕೇಳಿ. ಮುಂದೂಡುವುದು ಬಹಳ ಸಲ ಅಹಿತವಾದ ಭಾವನೆಯಿಂದ ಓಡುವ ದಾರಿ. ಓಡಿದ ತಕ್ಷಣ ಹಾಯೆನಿಸುತ್ತದೆ, ಆ ಹಾಯೇ ಮುಂದಿನ ಸಲ ಮತ್ತೆ ಓಡಿಸುತ್ತದೆ. ಆದ್ದರಿಂದ ಮೊದಲ ಹೆಜ್ಜೆ ತೀರಾ ಚಿಕ್ಕದಿರಲಿ: ಹತ್ತು ನಿಮಿಷ, ಒಂದು ಪ್ರಶ್ನೆ. "ನಾಳೆಯಿಂದ ಚೆನ್ನಾಗಿ ಓದ್ತೀನಿ" ಎಂಬ ಸಂಕಲ್ಪದ ಬದಲು "ಸಂಜೆ ಕೈಕಾಲು ತೊಳೆದ ಕೂಡಲೇ ಮೇಜಿನ ಹತ್ತಿರ ಕೂತು ವಿಜ್ಞಾನದ ಒಂದು ಪ್ರಶ್ನೆ ಬರೆಯುತ್ತೇನೆ" ಎಂದು ಸಮಯ, ಜಾಗ, ಕೆಲಸ ಮೂರನ್ನೂ ಹೆಸರಿಸಿ ಮಗುವೇ ಬರೆದಿಡಲಿ. ಹೀಗೆ ಬರೆದ ಸಂಕಲ್ಪಗಳು ಹೆಚ್ಚು ನಡೆಯುತ್ತವೆ ಎಂಬುದನ್ನು ಪೀಟರ್ ಗೋಲ್‌ವಿಟ್ಸರ್ ಮತ್ತು ಜೊತೆಗಾರರು ಹಲವು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಯಾವ ವಿಷಯ ಮೊದಲು, ಮೇಜಿನಲ್ಲೋ ನೆಲದಲ್ಲೋ ಎಂಬಂಥ ಆಯ್ಕೆ ಮಗುವಿನದೇ ಆಗಿರಲಿ. ಬಹುಮಾನದ ವಿಷಯದಲ್ಲಿ ಎಚ್ಚರ: 1973ರ ಒಂದು ಹೆಸರಾಂತ ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಮೊದಲೇ ಹೇಳಿ ಬಹುಮಾನ ಕೊಟ್ಟಾಗ, ಆಮೇಲೆ ಅವರು ಚಿತ್ರ ಬರೆಯುವುದು ಕಡಿಮೆಯಾಯಿತು. ಈಗಾಗಲೇ ಖುಷಿಯಿಂದ ಓದುವ ವಿಷಯಕ್ಕೆ ಬಹುಮಾನ ಕಟ್ಟಬೇಡಿ. ಒಂದಿಷ್ಟೂ ಆಸಕ್ತಿಯಿಲ್ಲದ ಕೆಲಸವನ್ನು ಶುರು ಮಾಡಿಸಲು ಸಣ್ಣ ಬಹುಮಾನದಿಂದ ಹಾನಿ ಕಡಿಮೆ.

ಹಂತ 7: ಪರೀಕ್ಷೆಯ ಭಯ

ಮೊದಲ ಐದು ನಿಮಿಷ ನೋಡಿ. ಪತ್ರಿಕೆ ಕೈಗೆ ಬರುತ್ತದೆ. ಮೊದಲ ಪ್ರಶ್ನೆಯೇ ಅಪರಿಚಿತ. ಎದೆ ಡವಗುಟ್ಟುತ್ತದೆ, ಕಣ್ಣು ಅದೇ ಸಾಲನ್ನು ಮೂರು ಸಲ ಓದುತ್ತದೆ, ಒಳಗೆ "ಫೇಲಾದ್ರೆ ಮನೇಲಿ ಏನ್ ಹೇಳೋದು" ಎಂಬ ಮಾತು ಓಡುತ್ತಿರುತ್ತದೆ. ಆ ಮಾತು ಕೂತಿರುವುದು ಹಂತ 3ರಲ್ಲಿ ಹೇಳಿದ ಅದೇ ಪುಟ್ಟ ಮೇಜಿನ ಮೇಲೆ. ಲೆಕ್ಕಕ್ಕೆ ಉಳಿದ ಜಾಗ ಅರ್ಧ. ಗೊತ್ತಿದ್ದೂ ಬರೆಯಲಾಗದ್ದು ಹೀಗೆ.

ಪರೀಕ್ಷೆಗೆ ಮೂರು ವಾರ ಮುಂಚೆಯೇ ಮನೆಯಲ್ಲಿ ಸಮಯ ಹಿಡಿದು ಅಭ್ಯಾಸ ಶುರುಮಾಡಿ. ಮೊದಲ ವಾರ ನಿಗದಿತ ಸಮಯಕ್ಕಿಂತ ಅರ್ಧ ಹೆಚ್ಚು, ಎರಡನೆಯ ವಾರ ನಿಗದಿತ ಸಮಯ, ಮೂರನೆಯ ವಾರ ಅದೇ ಸಮಯ, ಆದರೆ ಮೊದಲ ಪ್ರಶ್ನೆ ಬೇಕೆಂದೇ ಕಷ್ಟದ್ದು. ಪ್ರತಿ ಸಲ ಒಂದೇ ಕ್ರಮ: ಎರಡು ನಿಮಿಷ ಪೂರ್ತಿ ಪತ್ರಿಕೆ ಓದುವುದು, ಬರುವ ಪ್ರಶ್ನೆಗಳಿಗೆ ಸಣ್ಣ ಗುರುತು, ಗುರುತು ಹಾಕಿದ್ದರಿಂದ ಬರೆಯಲು ಶುರು. ಎದೆ ಹೊಡೆದುಕೊಂಡರೆ ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ, ಐದು ಸಲ. ಎದೆ ಬಡಿತ ಮೈ ಸಜ್ಜಾಗುತ್ತಿರುವುದರ ಗುರುತೂ ಹೌದು ಎಂದು ಮಗುವಿಗೆ ವಿವರಿಸಿ ಹೇಳಿ. ಬೆಳಿಗ್ಗೆ ಹತ್ತು ನಿಮಿಷ ತನ್ನ ಆತಂಕಗಳನ್ನೆಲ್ಲ ಹಾಳೆಯಲ್ಲಿ ಬರೆದು ಹರಿದು ಹಾಕುವುದು ಕೆಲವು ಮಕ್ಕಳಿಗೆ ಹಗುರವೆನಿಸುತ್ತದೆ. ಎಲ್ಲರಿಗೂ ಒಗ್ಗುವುದಿಲ್ಲ, ಮನೆಯ ಅಭ್ಯಾಸದಲ್ಲಿ ಮೊದಲೇ ನೋಡಿಕೊಳ್ಳಿ.

ಶಾಲೆಯ ಗೇಟಿನ ಬಳಿ "ಎಲ್ಲಾ ನೆನಪಿದೆ ತಾನೇ?" ಎಂದು ಕೇಳಬೇಡಿ.

ಹಂತ 8: ತಿದ್ದುವ ರೀತಿ

ಇದು ಶಿಕ್ಷಕರಿಗೆ. ರೂತ್ ಬಟ್ಲರ್ 1988ರಲ್ಲಿ ಮಕ್ಕಳ ಕೆಲಸಕ್ಕೆ ಮೂರು ಬಗೆಯ ಪ್ರತಿಕ್ರಿಯೆ ಕೊಟ್ಟು ಹೋಲಿಸಿದಳು: ಅಂಕ ಮಾತ್ರ, ಟಿಪ್ಪಣಿ ಮಾತ್ರ, ಎರಡೂ. ಮುಂದಿನ ಕೆಲಸದಲ್ಲಿ ಮೇಲೆ ಬಂದವರು ಟಿಪ್ಪಣಿ ಮಾತ್ರ ಪಡೆದವರು. ಪಕ್ಕದಲ್ಲಿ ಅಂಕವಿದ್ದರೆ ಕಣ್ಣು ಅಂಕದ ಮೇಲೇ ನಿಂತು, ಟಿಪ್ಪಣಿಗೆ ಬೆಲೆ ಸಿಗುವುದಿಲ್ಲ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರತಿಕ್ರಿಯೆಗಳು ಸಾಧನೆಯನ್ನು ಇಳಿಸಿದ್ದವು. ಗಮನ ಕೆಲಸದಿಂದ ವ್ಯಕ್ತಿಯ ಕಡೆಗೆ ತಿರುಗಿದಷ್ಟೂ ಪ್ರತಿಕ್ರಿಯೆಯ ಬಲ ಕುಗ್ಗುತ್ತದೆ ಎಂದು ಅವರು ವಿವರಿಸಿದರು. ಅಂಕ ಕೊಡಲೇಬೇಕಿದ್ದರೆ ಮೊದಲ ದಿನ ಟಿಪ್ಪಣಿಯಿರುವ ಹಾಳೆ ಕೊಟ್ಟು, ಹತ್ತು ನಿಮಿಷ ತರಗತಿಯಲ್ಲೇ ತಿದ್ದಿಸಿ, ಎರಡು ದಿನ ಬಿಟ್ಟು ಅಂಕ ತಿಳಿಸಿ. ಟಿಪ್ಪಣಿಯಲ್ಲಿ ಎರಡೇ ಸಂಗತಿ ಇರಲಿ: ಎಲ್ಲಿಯವರೆಗೆ ಸರಿ ಇದೆ, ಮುಂದಿನ ಒಂದು ಹೆಜ್ಜೆ ಏನು. ಅಂಕಗಳನ್ನು ತರಗತಿಯೆದುರು ಓದಿ ಹೇಳಬೇಡಿ.

ಎಂಟು ವಾರವಾದರೂ ಅಲುಗದಿದ್ದರೆ

ಮನಸ್ಸಿನ ತೊಡಕೆಂದು ನಾವು ಎಣಿಸಿದ್ದು ಕಣ್ಣಿನದೋ ಕಿವಿಯದೋ ಆಗಿರಬಹುದು. ಮೊದಲು ಅವೆರಡನ್ನೂ ಪರೀಕ್ಷೆ ಮಾಡಿಸಿ. ಬಾಯಲ್ಲಿ ಚೆನ್ನಾಗಿ ಹೇಳುವ ಮಗು ಎರಡು ಮೂರು ವರ್ಷ ಕಲಿತರೂ ಅಕ್ಷರ ಕೂಡಿಸಿ ಓದಲು ತಿಣುಕುತ್ತಿದ್ದರೆ, ಸಂಖ್ಯೆಗಳ ಗಾತ್ರವೇ ಹೊಳೆಯದಿದ್ದರೆ, ಮನೆ, ಶಾಲೆ, ಆಟ ಮೂರೂ ಕಡೆ ಐದು ನಿಮಿಷ ನಿಲ್ಲಲಾಗದಿದ್ದರೆ ಕಲಿಕಾ ತೊಂದರೆಗಳನ್ನು ಬಲ್ಲ ಮನೋವಿಜ್ಞಾನಿಗೋ ಮಕ್ಕಳ ವೈದ್ಯರಿಗೋ ತೋರಿಸಿ. ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳನ್ನೂ ಎರಡು ವಾರಕ್ಕಿಂತ ಹೆಚ್ಚು ಕಾಲ ಬಿಟ್ಟು ಮಂಕಾಗಿದ್ದರೆ, ಊಟ ನಿದ್ದೆ ಏರುಪೇರಾಗಿದ್ದರೆ, ಬದುಕೇ ಬೇಡ ಎಂಬ ಮಾತು ಒಮ್ಮೆ ಬಂದರೂ, ಎಂಟು ವಾರ ಕಾಯಬೇಡಿ, ಅದೇ ದಿನ ಹೋಗಿ. ಹೋಗುವಾಗ ಮೊದಲ ವಾರ ಬರೆದಿಟ್ಟ ನೋಟ್‌ಬುಕ್, ಮಗುವೇ ಮತ್ತೆ ಮಾಡಿದ ಆ ಹತ್ತು ಪ್ರಶ್ನೆಗಳ ಹಾಳೆ ಮತ್ತು ಹಳೆಯ ಉತ್ತರಪತ್ರಿಕೆಗಳು ಜೊತೆಗಿರಲಿ. "ಓದಲ್ಲ" ಎಂಬ ಒಂದೇ ಮಾತಿಗಿಂತ ಅವುಗಳಿಂದ ತಜ್ಞರಿಗೆ ಬೇಗ ದಾರಿ ಸಿಗುತ್ತದೆ.